ಬಾಣಂತಿಯ ಕೈಗೆ ಹತ್ತು ನಿಮಿಷ ಫೋನು

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದವಳನ್ನು ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ನೋಡಬೇಕು. ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಲ್ಲೂ ಅದೇ ಲೆಕ್ಕ. ಮಗುವಿನ ತೂಕ, ಹೊಕ್ಕುಳು, ಎದೆಹಾಲು ಎಲ್ಲದರ ವಿಚಾರಣೆಯಾಗುತ್ತದೆ. ತಲೆಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂತವಳನ್ನು, ‘ಮಗು ಮಲಗಿದಾಗಲಾದರೂ ನಿದ್ದೆ ಬರುತ್ತಾ? ಎದೆ ಡವಗುಟ್ಟುತ್ತಾ?’ ಎಂದು ಕೇಳುವವರು ಯಾರು?

ಕೇಳಿದರೆ ಫಲವುಂಟು. ರಾವಲ್ಪಿಂಡಿಯಲ್ಲಿ ಆತಂಕದ ಲಕ್ಷಣವಿದ್ದ ಗರ್ಭಿಣಿಯರ ಜೊತೆ, ಮನೋವೈದ್ಯರಲ್ಲದ ತರಬೇತಿ ಪಡೆದವರು ಆರು ಬಾರಿ ಕೂತು ಮಾತಾಡಿದರು. ಹೆರಿಗೆಯಾಗಿ ಆರು ವಾರಕ್ಕೆ ತೀವ್ರ ಅಥವಾ ಮಧ್ಯಮ ಆತಂಕ ಉಳಿದದ್ದು ಶೇ 9 ಮಂದಿಗೆ; ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 27. ಇದು 2024ರಲ್ಲಿ ಪ್ರಕಟವಾದ ಅಧ್ಯಯನ.

ಇದನ್ನೇ ಫೋನಿಗೆ ತರಬಹುದು. ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವಿಗೆಂದೇ ಮನೋವೈದ್ಯಕೀಯ ವಾರ್ಡಿದೆ, ಆದರೆ ಹಸಿ ಬಾಣಂತಿ ಬೆಂಗಳೂರಿಗೆ ಬಸ್ಸು ಹತ್ತುವುದು ಸುಲಭವಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, ಅಂದರೆ 14416ಕ್ಕೆ, ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು, ಗಡಿಯ ಈ ಊರುಗಳ ಎಷ್ಟೋ ಮನೆಗಳ ತೆಲುಗಿನಲ್ಲೂ.

ತೊಡಕಿರುವುದು ಮನೆಯೊಳಗೆ. ಫೋನು ಗಂಡನ ಜೇಬಿನಲ್ಲಿರುತ್ತದೆ, ಅತ್ತೆ ಪಕ್ಕದಲ್ಲೇ ಇರುತ್ತಾರೆ. ಆದ್ದರಿಂದ ಆ ಆರು ಭೇಟಿಗಳಲ್ಲಿ ಒಂದೊಂದು ಸಲವೂ ಕಾರ್ಯಕರ್ತೆಯೇ ಕರೆ ಹಚ್ಚಿ, ಫೋನನ್ನು ತಾಯಿಯ ಕೈಗಿಟ್ಟು, ಮಗುವನ್ನೆತ್ತಿಕೊಂಡು ಹತ್ತು ನಿಮಿಷ ಹೊರಗೆ ಕೂರಲಿ. ಅದಕ್ಕೆ ಪ್ರತ್ಯೇಕ ಗೌರವಧನವನ್ನೂ ಸರ್ಕಾರ ಕೊಡಲಿ.