ನಗರದಲ್ಲಿ ಸೈಕಲ್ ತುಳಿದರೆ ಆರೋಗ್ಯ ಕೆಡುತ್ತದೆಯೇ? ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ?

ಸೈಕಲ್ ಕೊಳ್ಳುತ್ತೇನೆ ಎಂದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಹೇಳಿ ನೋಡಿ. ಅರ್ಧ ಗಂಟೆಯಲ್ಲಿ ಮೂರು ಫಾರ್ವರ್ಡ್ ಬಂದಿರುತ್ತವೆ. ಬೆಂಗಳೂರಿನ ಹೊಗೆಯಲ್ಲಿ ಸೈಕಲ್ ತುಳಿಯುವುದು ಸಿಗರೇಟು ಸೇದಿದ ಹಾಗೆ ಎಂದು ಒಂದು, ಮೂವತ್ತು ದಾಟಿದವರ ಮಂಡಿ ಸವೆಯುತ್ತದೆ ಎಂದು ಇನ್ನೊಂದು, ದುಬಾರಿ ಗೇರ್ ಸೈಕಲ್ ಇಲ್ಲದಿದ್ದರೆ ಪ್ರಯೋಜನವಿಲ್ಲ ಎಂದು ಮತ್ತೊಂದು. ನಾನು ಸೈಕಲ್ ಕೊಂಡಾಗಲೂ ಹೀಗೇ ಆಯಿತು. ಹಿಂದಿನ ದೀಪ ಹಾಕಿಸಿದ್ದೀಯಾ ಎಂದು ಮಾತ್ರ ಯಾರೂ ಕೇಳಲಿಲ್ಲ.

ಸಮಸ್ಯೆ ಇರುವುದು ಇಲ್ಲೇ. ಈ ಫಾರ್ವರ್ಡ್‌ಗಳು ಸಣ್ಣ ಅಪಾಯವನ್ನು ದೊಡ್ಡದು ಮಾಡಿ, ದೊಡ್ಡ ಅಪಾಯವನ್ನು ಮರೆಸುತ್ತವೆ. ಒಂದೊಂದಾಗಿ ನೋಡೋಣ.

ಹೊಗೆ: ಸಿಗರೇಟು ಸೇದಿದ ಹಾಗೆಯೇ?

ಸಿಗರೇಟಿನ ಹೋಲಿಕೆ ಎಲ್ಲಿಂದಲೋ ಹುಟ್ಟಿದ್ದಲ್ಲ. ಗಾಳಿಯಲ್ಲಿರುವ ಅತಿಸೂಕ್ಷ್ಮ ಕಣಗಳನ್ನು (ಪಿಎಂ 2.5) ಅಳೆದು, ಪ್ರತಿ ಘನ ಮೀಟರ್‌ಗೆ 22 ಮೈಕ್ರೋಗ್ರಾಂ ಇದ್ದರೆ ಅದು ದಿನಕ್ಕೆ ಒಂದು ಸಿಗರೇಟಿಗೆ ಸಮ ಎಂದು ಅಮೆರಿಕದ ಬರ್ಕ್ಲಿ ಅರ್ತ್ ಸಂಸ್ಥೆಯ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಬೆಂಗಳೂರಿನ ವಾರ್ಷಿಕ ಸರಾಸರಿ ಇತ್ತೀಚಿನ ವರ್ಷಗಳಲ್ಲಿ 30ರ ಆಸುಪಾಸಿನಲ್ಲಿದೆ. ಆದರೆ ಗಮನಿಸಿ, ಈ ಲೆಕ್ಕ ಸೈಕಲ್ ಸವಾರರಿಗೆ ಮಾತ್ರವಲ್ಲ, ಊರಿನ ಎಲ್ಲರಿಗೂ ಅನ್ವಯಿಸುತ್ತದೆ. ಮನೆಯಲ್ಲಿ ಕೂತವರು ಉಸಿರಾಡುವುದೂ ಇದೇ ಊರಿನ ಗಾಳಿಯನ್ನೇ.

ಸೈಕಲ್ ತುಳಿಯುವಾಗ ಉಸಿರಾಟ ಜೋರಾಗುವುದರಿಂದ ಒಳಗೆ ಹೋಗುವ ಹೊಗೆ ಹೆಚ್ಚು ಎಂಬುದು ನಿಜ. ಅದರ ಜೊತೆಗೆ ಸಿಗುವ ವ್ಯಾಯಾಮದ ಲಾಭವನ್ನೂ ತೂಗಿ ನೋಡಬೇಕಲ್ಲವೇ? ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಮಾಡಿತು. ಪಿಎಂ 2.5 ಪ್ರಮಾಣ 100 ಮೈಕ್ರೋಗ್ರಾಂ ಇರುವ ಊರಿನಲ್ಲೂ, ದಿನಕ್ಕೆ ಒಂದೂವರೆ ಗಂಟೆ ಮೀರಿ ಸೈಕಲ್ ತುಳಿದಾಗ ಮಾತ್ರ ನಷ್ಟವು ಲಾಭವನ್ನು ಮೀರುತ್ತದೆ ಎಂದು ಅದು ಲೆಕ್ಕ ಹಾಕಿತು. ಬೆಂಗಳೂರಿನ ಸರಾಸರಿ ಇದರ ಮೂರನೇ ಒಂದು ಭಾಗದಷ್ಟು.

ಹಾಗೆಂದು ಲಾರಿಯ ಹೊಗೆಕೊಳವೆಯ ಹಿಂದೆಯೇ ತುಳಿಯಬೇಕೆಂದಿಲ್ಲ. ಮುಖ್ಯರಸ್ತೆ ಬಿಟ್ಟು ಬಡಾವಣೆಯ ಒಳರಸ್ತೆ ಹಿಡಿದರೆ ಹೊಗೆ ಕಡಿಮೆ. ಬಟ್ಟೆಯ ಮಾಸ್ಕ್ ದೂಳು ತಡೆದೀತೇ ಹೊರತು ಈ ಸೂಕ್ಷ್ಮ ಕಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಮಂಡಿ ಸವೆಯುತ್ತದೆಯೇ?

ಓಡುವಾಗ ಪ್ರತಿ ಹೆಜ್ಜೆಗೂ ದೇಹದ ಭಾರ ಕಾಲಿನ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಮಂಡಿ ಸವೆತ ಇರುವವರಿಗೂ ವೈದ್ಯರು ಸೈಕಲ್ ವ್ಯಾಯಾಮ ಹೇಳುವುದು ಇದಕ್ಕೇ.

ಹಾಗಾದರೆ ಕೆಲವರಿಗೆ ನೋವು ಬರುವುದೇಕೆ? ಸಾಮಾನ್ಯ ಕಾರಣ ತಗ್ಗಿನ ಸೀಟು. ಕಾಲು ನೆಲಕ್ಕೆ ಪೂರ್ತಿ ಎಟುಕಲಿ ಎಂದು ಹೊಸಬರು ಸೀಟು ಇಳಿಸಿಬಿಡುತ್ತಾರೆ. ಆಗ ಮಂಡಿ ಅತಿಯಾಗಿ ಮಡಚಿ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಪರೀಕ್ಷೆ ಸುಲಭ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಿ ನಿಂತರೆ ಎತ್ತರ ಸರಿ. ತುಳಿಯುವಾಗ ಮಾತ್ರ ಪಾದದ ಮುಂಭಾಗ ಪೆಡಲ್ ಮೇಲಿರಲಿ. ಏರಿನಲ್ಲಿ ಹಗುರ ಗೇರ್ ಹಾಕಿ ಬೇಗಬೇಗ ತುಳಿಯಿರಿ. ಭಾರದ ಗೇರಿನಲ್ಲಿ ಮುಕ್ಕಿರಿದು ತುಳಿಯುವುದೇ ಮಂಡಿಗೆ ಕಷ್ಟ.

ದುಬಾರಿ ಸೈಕಲ್ಲೇ ಬೇಕೇ?

ಬೇಡ. ಮೂರು ನಾಲ್ಕು ಕಿಲೋಮೀಟರ್ ಸಮತಟ್ಟು ದಾರಿಗೆ ಗೇರ್ ಇಲ್ಲದ ಹಳೆಯ ಸೈಕಲ್ಲೂ ಸಾಕು. ಏರಿಳಿತ ಹೆಚ್ಚಿದ್ದರೆ ಗೇರ್ ಅನುಕೂಲ. ನಿಮ್ಮ ಎತ್ತರಕ್ಕೆ ಸರಿಹೊಂದುವ ಫ್ರೇಮ್, ಹಿಡಿದ ಕೂಡಲೇ ನಿಲ್ಲಿಸುವ ಬ್ರೇಕ್, ಟೈರಿನಲ್ಲಿ ಸಾಕಷ್ಟು ಗಾಳಿ, ಹಿಂದೆ ಕೆಂಪು ಮತ್ತು ಮುಂದೆ ಬಿಳಿ ದೀಪ: ದುಡ್ಡು ಮೊದಲು ಹೋಗಬೇಕಾದದ್ದು ಇವಕ್ಕೆ.

ನಿಜವಾದ ಅಪಾಯ ರಸ್ತೆ

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 4 ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ಲಿಗೆಂದೇ ಪಥ ಮಾಡಿದರು. ಅದು ಉಳಿಯಲಿಲ್ಲ. ಹಾಗಾಗಿ ಬಸ್ಸು, ಲಾರಿಗಳ ನಡುವೆಯೇ ದಾರಿ ಕಂಡುಕೊಳ್ಳಬೇಕಾದದ್ದು ಇಂದಿನ ವಾಸ್ತವ. ಇದರಲ್ಲಿ ಸರ್ಕಾರದ ಹೊಣೆ ದೊಡ್ಡದು. ನಮ್ಮ ಕೈಯಲ್ಲಿರುವುದು ಇಷ್ಟು:

• ಬಸ್ಸು, ಲಾರಿಯ ಎಡಬದಿಯಲ್ಲಿ ನುಸುಳಬೇಡಿ. ಅಲ್ಲಿರುವ ಸೈಕಲ್ ಚಾಲಕನಿಗೆ ಕಾಣದೇ ಇರಬಹುದು. ಅವನು ಎಡಕ್ಕೆ ತಿರುಗಿಸಿದರೆ ನಿಮಗೆ ಜಾಗವೇ ಇರುವುದಿಲ್ಲ.
• ನಿಂತ ಕಾರುಗಳಿಂದ ಮೂರಡಿ ದೂರ ಇರಿ. ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು.
• ಮಳೆನೀರು ನಿಂತಲ್ಲಿ ಗುಂಡಿ ಇದೆ ಎಂದೇ ತಿಳಿಯಿರಿ. ಚರಂಡಿಯ ಕಬ್ಬಿಣದ ಜಾಲರಿಯಲ್ಲಿ ತೆಳು ಟೈರು ಸಿಕ್ಕಿಕೊಳ್ಳಬಹುದು.
• ಫ್ಲೈಓವರ್, ಅಂಡರ್‌ಪಾಸ್ ತಪ್ಪಿಸಿ. ಎದುರು ದಿಕ್ಕಿನಲ್ಲಿ ಎಂದೂ ಬರಬೇಡಿ. ಇಯರ್‌ಫೋನ್ ಬೇಡ.

ಮೋಟಾರು ವಾಹನ ಕಾಯ್ದೆ ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರ್ ಸೈಕಲ್ಲಿಗೆ, ತುಳಿಯುವ ಸೈಕಲ್ಲಿಗಲ್ಲ. ಆದರೂ ಹಾಕಿಕೊಳ್ಳಿ. ಬಿದ್ದಾಗ ತಲೆ ಕಾಯುವುದು ಹೆಲ್ಮೆಟ್. ಹಿಂದಿನಿಂದ ಬರುವವರಿಗೆ ನಿಮ್ಮನ್ನು ತೋರಿಸಿ, ಬೀಳುವ ಪ್ರಸಂಗವನ್ನೇ ತಪ್ಪಿಸಬಲ್ಲದ್ದು ದೀಪ.

ಮೊದಲ ತಿಂಗಳು ಹೇಗೆ?

ಮೊದಲ ವಾರ ಕಚೇರಿಯ ಯೋಚನೆ ಬೇಡ. ಬೆಳಗ್ಗೆ ಏಳರೊಳಗೆ ನಿಮ್ಮ ಬಡಾವಣೆಯ ಖಾಲಿ ರಸ್ತೆಯಲ್ಲಿ ಅಥವಾ ವಾಹನ ಸಂಚಾರವಿಲ್ಲದ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಅಭ್ಯಾಸ ಮಾಡಿ. ಒಂದು ಕೈ ಬಿಟ್ಟು ಸನ್ನೆ ಮಾಡುವುದು, ಬಲಭುಜದ ಮೇಲಿಂದ ಹಿಂದೆ ನೋಡಿದರೂ ಸೈಕಲ್ ವಾಲದಂತೆ ಹೋಗುವುದು, ಈ ಎರಡು ಬಂದರೆ ಅರ್ಧ ಕಲಿತಂತೆ. ಎರಡನೇ ವಾರ ರಜಾ ದಿನ ನೋಡಿಕೊಂಡು ಒಳರಸ್ತೆಗಳಲ್ಲಿ ಕಚೇರಿಯವರೆಗೆ ಹೋಗಿ ಬನ್ನಿ. ಆಮೇಲೆ ವಾರಕ್ಕೆ ಎರಡು ದಿನ ಸಾಕು. ದೂರ ಹೆಚ್ಚಿದ್ದರೆ ಸೈಕಲ್ಲಿನಲ್ಲಿ ಮೆಟ್ರೋ ನಿಲ್ದಾಣದವರೆಗೆ ಹೋದರೂ ಆಯಿತು. ಮಡಚುವ ಸೈಕಲ್ಲನ್ನು ನಮ್ಮ ಮೆಟ್ರೋದೊಳಗೆ ಒಯ್ಯಲು 2021ರಿಂದ ಅವಕಾಶವಿದೆ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಗಲು 15 ನಿಮಿಷ, ಬರಲು 15 ನಿಮಿಷ, ಹೀಗೆ ಐದು ದಿನ ತುಳಿದರೆ ಲೆಕ್ಕ ಸರಿಯಾಯಿತು.

ಮುಂದಿನ ಸಲ ಗುಂಪಿನಲ್ಲಿ ಯಾರಾದರೂ ಸೈಕಲ್ ಕೊಂಡೆ ಎಂದರೆ ಹೊಗೆಯ ಫಾರ್ವರ್ಡ್ ಕಳಿಸಬೇಡಿ. ಹಿಂದಿನ ದೀಪ ಹಾಕಿಸಿದ್ದೀರಾ ಎಂದು ಕೇಳಿ.