ವಾರ್ಡನ್ ಹಾಕಿದ ಸಹಿ



ನಮ್ಮವರು ಇರುವ ಒಂದು ಹಾಸ್ಟೆಲಿನಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಊರಿನ ಹೆಸರು ಬೇಡ. ಪಿಯುಸಿ ಓದುವ ಹುಡುಗನೊಬ್ಬ ಎರಡು ತಿಂಗಳಿಂದ ಕೆಮ್ಮುತ್ತಿದ್ದ. ರಾತ್ರಿಯೆಲ್ಲ ಕೆಮ್ಮು, ಅಕ್ಕಪಕ್ಕದ ಚಾಪೆಯವರಿಗೂ ನಿದ್ದೆಯಿಲ್ಲ. ಆಸ್ಪತ್ರೆಗೆ ಮೂರು ಸಲ ಹೋದ. ಮೂರು ಸಲವೂ ಸಿರಪ್ಪಿನ ಬಾಟ್ಲಿ ಹಿಡಕೊಂಡು ವಾಪಸು ಬಂದ. ಕಫ ಪರೀಕ್ಷೆ ಮಾಡಿಸು ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ.

ಅದೇ ದಿನಗಳಲ್ಲಿ ಒಂದು ಸಂಜೆ, ಊಟದ ಗಂಟೆ ಹೊಡೆಯುವ ಮೊದಲು, ಹಾಸ್ಟೆಲಿಗೆ ಜೀಪು ಬಂತು. ಬಿಳಿ ಕೋಟಿನವರು ಇಳಿದರು. ರಕ್ತ ತಗೋತೀವಿ, ಸಾಲಾಗಿ ನಿಲ್ಲಿ ಅಂದರು. ಒಬ್ಬ ಹುಡುಗ ಯಾಕೆ ಸಾರ್ ಅಂದ. ವಾರ್ಡನ್ನರು ಕೊಟ್ಟ ಉತ್ತರ: "ಊಟ ಹಾಕೋರು ಕೇಳಿದಾಗ ಕೊಡಬೇಕಪ್ಪ." ಅರವತ್ತು ಹುಡುಗರು ತೋಳು ಚಾಚಿದರು. ಫಾರಂಗಳಿಗೆಲ್ಲ ವಾರ್ಡನ್ನರೇ ಸಹಿ ಹಾಕಿ ಮುಗಿಸಿದರು. ಆ ರಕ್ತದಲ್ಲಿ ಏನು ಸಿಕ್ಕಿತು, ಅದನ್ನು ಯಾರು ಇಟ್ಟುಕೊಂಡರು, ಇವತ್ತಿಗೂ ಆ ಅರವತ್ತು ಜನರಲ್ಲಿ ಒಬ್ಬನಿಗೂ ಗೊತ್ತಿಲ್ಲ.

ಕೆಮ್ಮುತ್ತಿದ್ದವನನ್ನು ಕಡೆಗೆ ಗೆಳೆಯರೇ ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋದರು. ಟಿ.ಬಿ. ಅಂತ ಗೊತ್ತಾಯಿತು. ಆರು ತಿಂಗಳು ಮಾತ್ರೆ ನುಂಗಿ ಹುಡುಗ ಗುಣವಾಗಿದ್ದಾನೆ. ಕೇಳಿಕೊಂಡು ಹೋದವನಿಗೆ ಪರೀಕ್ಷೆ ಸಿಗಲಿಲ್ಲ. ಕೇಳದೆ ಕೂತವರಿಗೆ ಸೂಜಿ ಹುಡುಕಿಕೊಂಡು ಬಂತು. ಈ ಸಂಚಿಕೆಯಲ್ಲಿ ನಾವು ಬರೆಯಬೇಕೆಂದಿರುವುದು ಇದರ ಬಗ್ಗೆಯೇ.

ಈ ಸುದ್ದಿ ಕೇಳಿದ ನಮ್ಮ ಕೆಲವು ಗೆಳೆಯರು ಸಿಟ್ಟಿನಲ್ಲಿ ಒಂದು ಮಾತು ಹೇಳಿದರು. ವೈದ್ಯಕೀಯ ಸಂಶೋಧನೆ ಅನ್ನೋದೆಲ್ಲ ಬಂಡವಾಳಶಾಹಿಗಳ ಆಟ, ನಮ್ಮ ಹಾಸ್ಟೆಲುಗಳ ಒಳಕ್ಕೆ ಯಾವನನ್ನೂ ಬಿಡಬಾರದು, ಸೂಜಿ ಮುರಿದು ಕಳಿಸಬೇಕು ಅಂತ. ಸಿಟ್ಟು ನ್ಯಾಯವಾದದ್ದೇ. ಆದರೆ ಮಾತನ್ನು ನಾವು ಒಪ್ಪುವುದಿಲ್ಲ. ಯಾಕೆ ಅಂದರೆ, ಆ ಹುಡುಗ ಇವತ್ತು ಕ್ಲಾಸಿನಲ್ಲಿ ಕೂತಿರುವುದೇ ಅಂಥ ಒಂದು ಸಂಶೋಧನೆಯ ದೆಸೆಯಿಂದ.

1956ರಲ್ಲಿ ಮದರಾಸಿನಲ್ಲಿ ಟಿ.ಬಿ. ಚಿಕಿತ್ಸೆಯ ಒಂದು ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಸಂಶೋಧನಾ ಮಂಡಳಿ ಸೇರಿ ಮಾಡಿದ್ದು. ವಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯ ಅದರ ಮುಂದಾಳು. ಆಗಿನ ಕಾಲದಲ್ಲಿ ಟಿ.ಬಿ. ಬಂದರೆ ಸ್ಯಾನಿಟೋರಿಯಂ ಸೇರಬೇಕು, ಹಾಲು ಮೊಟ್ಟೆ ತಿನ್ನಬೇಕು, ಒಳ್ಳೆ ಗಾಳಿಯಲ್ಲಿ ತಿಂಗಳುಗಟ್ಟಲೆ ಮಲಗಿರಬೇಕು ಎನ್ನುವ ನಂಬಿಕೆ. ನಮ್ಮ ಕೇರಿಯವರಿಗೆ ಹಾಲು ಮೊಟ್ಟೆ ಎಲ್ಲಿಂದ ಬರಬೇಕು? ಮಲಗಿದರೆ ಕೂಲಿ ಯಾರು ಮಾಡಬೇಕು? ಸ್ಯಾನಿಟೋರಿಯಂನಲ್ಲಿ ಹಾಸಿಗೆಯಾದರೂ ಎಷ್ಟಿದ್ದವು?

ಆ ಕೇಂದ್ರದವರು 193 ಬಡ ರೋಗಿಗಳನ್ನು ತೆಗೆದುಕೊಂಡು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂಗೆ. ಇನ್ನೊಂದು ಗುಂಪು ತಮ್ಮ ತಮ್ಮ ಗುಡಿಸಲಿಗೆ. ಇಬ್ಬರಿಗೂ ಒಂದೇ ಔಷಧಿ: ಐಸೋನಿಯಜಿಡ್ ಮತ್ತು ಪಿ.ಎ.ಎಸ್., ಒಂದು ವರ್ಷ. ಸ್ಯಾನಿಟೋರಿಯಂನವರು ಚೆನ್ನಾಗಿ ಉಂಡರು, ಮಲಗಿದರು. ಮನೆಯವರು ಗಂಜಿ ಕುಡಿದರು, ಇಕ್ಕಟ್ಟಿನಲ್ಲಿ ಬದುಕಿದರು, ದುಡಿದರು. 1959ರಲ್ಲಿ ಫಲಿತಾಂಶ ಅಚ್ಚಾಯಿತು. ಗುಣವಾದವರ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ! ಗುಣ ಮಾಡಿದ್ದು ಹಾಲು ಮೊಟ್ಟೆಯಲ್ಲ, ತಪ್ಪದೆ ನುಂಗಿದ ಔಷಧಿ. ಮನೆಯಲ್ಲೇ ಇದ್ದ ರೋಗಿಗಳ ಹೆಂಡತಿ ಮಕ್ಕಳನ್ನೂ ಐದು ವರ್ಷ ನೋಡುತ್ತ ಬಂದರು. ಸ್ಯಾನಿಟೋರಿಯಂ ಸೇರಿದವರ ಮನೆಮಂದಿಗಿಂತ ಇವರಿಗೆ ರೋಗ ಹೆಚ್ಚು ಹರಡಿರಲಿಲ್ಲ. ಆಮೇಲೆ ಲೋಕದ ಎಷ್ಟೋ ದೇಶಗಳಲ್ಲಿ ಸ್ಯಾನಿಟೋರಿಯಂಗಳು ಬಾಗಿಲು ಹಾಕಿದವು. ಬಡವನಿಗೆ ಅವನ ಮನೆ ಬಾಗಿಲಲ್ಲೇ ಔಷಧಿ ಕೊಡಬಹುದು ಅನ್ನೋದನ್ನ ಲೋಕಕ್ಕೆ ಕಲಿಸಿದ್ದು ಮದರಾಸಿನ ಕೊಳೆಗೇರಿಯ ಜನ.

ಇನ್ನೊಂದು ನಮ್ಮ ತುಮಕೂರಿನದು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಇಬ್ಬರೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ವಿಚಾರ ಹುಡುಕಿದರು. ಹಳ್ಳಿ ಜನ ಅಜ್ಞಾನಿಗಳು, ಮೂಢನಂಬಿಕೆಯವರು, ಕೆಮ್ಮು ಬಂದರೆ ಮಾರಿಗೆ ಹರಕೆ ಹೊರುತ್ತಾರೆಯೇ ಹೊರತು ಆಸ್ಪತ್ರೆಗೆ ಬರೋದಿಲ್ಲ ಅಂತ ಓದಿದವರು ಹೇಳುತ್ತಿದ್ದ ಕಾಲ. ಇವರು ರೋಗ ಇದ್ದವರನ್ನು ಮನೆ ಮನೆಗೆ ಹೋಗಿ ಕೇಳಿದರು. 1963ರಲ್ಲಿ ಬರೆದದ್ದು ಏನು? ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ನೀರು! ಅಜ್ಞಾನ ಇದ್ದದ್ದು ಕೇರಿಯಲ್ಲಲ್ಲ, ಆಸ್ಪತ್ರೆಯ ಕೌಂಟರಿನ ಆ ಕಡೆ. ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಪುಕ್ಕಟೆ ಔಷಧಿ ಕೊಡಿ ಅನ್ನುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇಂಥ ಕೆಲಸವೇ ತಳಹದಿಯಾಯಿತು. ಅರವತ್ತು ವರ್ಷ ದಾಟಿದೆ. ನಮ್ಮ ಹುಡುಗನಿಗೆ ಸಿಕ್ಕಿದ್ದು ಅದೇ ಸಿರಪ್ಪು. ಈಗ ಕಫದಿಂದ ಒಂದೆರಡು ಗಂಟೆಯಲ್ಲಿ ರೋಗ ಹಿಡಿಯುವ ಟ್ರೂನ್ಯಾಟ್ ಯಂತ್ರ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಯಂತ್ರ ಇದ್ದರೂ ಕಫ ಕೇಳುವವರು ಬೇಕಲ್ಲ?

ಆದ್ದರಿಂದ ಸಂಶೋಧನೆ ಬೇಡ ಅನ್ನುವುದು ನಮ್ಮ ಮಾತಲ್ಲ. ಯಾರ ಮೈ, ಯಾರ ಸಹಿ, ಯಾರ ಲಾಭ ಅನ್ನುವುದು ನಮ್ಮ ಪ್ರಶ್ನೆ.

ಈಗ ಖಮ್ಮಂಗೆ ಬನ್ನಿ. ಇವತ್ತು ತೆಲಂಗಾಣ, ಆಗ ಆಂಧ್ರ. 2009ರ ಜುಲೈನಲ್ಲಿ ಅಲ್ಲಿನ ಭದ್ರಾಚಲಂ, ಕೊತ್ತಗೂಡೆಂ, ತಿರುಮಲಾಯಪಾಲೆಂ ಮಂಡಲಗಳಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಸುಮಾರು 14 ಸಾವಿರ ಹೆಣ್ಣುಮಕ್ಕಳಿಗೆ ಎಚ್.ಪಿ.ವಿ. ಲಸಿಕೆ ಹಾಕಲು ಶುರು ಮಾಡಿದರು. ಗುಜರಾತಿನ ವಡೋದರಾದಲ್ಲೂ ಸುಮಾರು 10 ಸಾವಿರ ಮಕ್ಕಳಿಗೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಅದು. ನಡೆಸಿದ್ದು ಪಾತ್ ಎಂಬ ಅಮೆರಿಕದ ಸಂಸ್ಥೆ, ಜೊತೆಗೆ ನಮ್ಮ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳು. ಲಸಿಕೆ ಕೊಟ್ಟದ್ದು ಮರ್ಕ್ ಮತ್ತು ಗ್ಲ್ಯಾಕ್ಸೋ ಕಂಪನಿಗಳು. ಖಮ್ಮಂನ ಮಕ್ಕಳಲ್ಲಿ ಬಹಳ ಜನ ಆದಿವಾಸಿಗಳು, ದಲಿತರು. ಎಷ್ಟೋ ಮಕ್ಕಳು ಆಶ್ರಮ ಶಾಲೆ, ಹಾಸ್ಟೆಲುಗಳಲ್ಲಿದ್ದವರು. ಅಪ್ಪ ಅವ್ವ ದೂರದ ಗೂಡೆಯಲ್ಲಿ, ಮಗಳು ವಾರ್ಡನ್ನಿನ ಕೈಯಲ್ಲಿ.

2010ರ ಮಾರ್ಚಿನಲ್ಲಿ ಮಹಿಳಾ ಸಂಘಟನೆಗಳ ಕಾರ್ಯಕರ್ತರು ಭದ್ರಾಚಲಂಗೆ ಹೋಗಿ ಮಕ್ಕಳನ್ನೂ ತಾಯಂದಿರನ್ನೂ ಮಾತಾಡಿಸಿದರು. ಗಲಾಟೆಯಾಯಿತು. ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೆಲಸ ನಿಲ್ಲಿಸಿತು. ಆಮೇಲೆ ವಿಚಾರಣೆ. 2013ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿ. ಅದರಲ್ಲಿನ ಒಂದು ಲೆಕ್ಕವನ್ನು ನೀವು ಬಾಯಿಪಾಠ ಮಾಡಬೇಕು: ಆಂಧ್ರದ 9,543 ಒಪ್ಪಿಗೆ ಫಾರಂಗಳಲ್ಲಿ 1,948 ಬರೀ ಹೆಬ್ಬೆಟ್ಟು, 2,763 ವಾರ್ಡನ್ನರ ಸಹಿ. ಎರಡು ಸಾವಿರದ ಏಳುನೂರ ಅರವತ್ತಮೂರು ಮಕ್ಕಳ ಮೈಯನ್ನು ಹಾಸ್ಟೆಲಿನ ನೌಕರರು ಬರೆದುಕೊಟ್ಟರು. ಅವರು ಹಾಗೆ ಸಹಿ ಹಾಕಬಹುದು ಅಂತ ಸರ್ಕಾರದ್ದೇ ಸುತ್ತೋಲೆ ಇತ್ತು. ಇದು ಸಂಶೋಧನೆ ಅಂತ ಕೂಡ ಹೇಳಿರಲಿಲ್ಲ. ಸರ್ಕಾರಿ ಸೂಜಿ ಅಂದುಕೊಂಡು ಮಕ್ಕಳು ತೋಳು ಕೊಟ್ಟರು.

ಇಲ್ಲಿ ನಾವು ನಿಜವನ್ನು ಪೂರ್ತಿ ಹೇಳಬೇಕು, ಇಲ್ಲದಿದ್ದರೆ ನಮಗೂ ಅವರಿಗೂ ಏನು ವ್ಯತ್ಯಾಸ? ಆ ದಿನಗಳಲ್ಲಿ ಎರಡೂ ರಾಜ್ಯ ಸೇರಿ ಏಳು ಹೆಣ್ಣುಮಕ್ಕಳು ಸತ್ತರು. ಲಸಿಕೆಯೇ ಕೊಂದಿತು ಅಂತ ಅನೇಕ ಕರಪತ್ರಗಳು ಬರೆದವು. ವಿಚಾರಣಾ ಸಮಿತಿ ನೋಡಿದಾಗ ಆ ಸಾವುಗಳಿಗೆ ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ವಿಷ ಕುಡಿದದ್ದು, ಜ್ವರ ಇಂಥ ಕಾರಣಗಳಿದ್ದವು. ಲಸಿಕೆಗೆ ನಂಟು ಸಿಗಲಿಲ್ಲ. ಲಸಿಕೆ ಒಳ್ಳೆಯದು. ಗರ್ಭಕೊರಳಿನ ಕ್ಯಾನ್ಸರಿನಿಂದ ನಮ್ಮ ಕೇರಿಯ ಅವ್ವಂದಿರು ಸಾಯುತ್ತಾರೆ. ಆ ಲಸಿಕೆ ನಮ್ಮ ತಂಗಿಯರಿಗೆ ಬೇಕು. ಆದರೆ ಒಳ್ಳೆಯ ಲಸಿಕೆಯನ್ನು ಕದ್ದ ಸಹಿಯ ಮೇಲೆ ಚುಚ್ಚಿದರೆ ಏನಾಗುತ್ತದೆ? ನಂಬಿಕೆ ಸಾಯುತ್ತದೆ. ಆ ಸತ್ತ ಮಕ್ಕಳಿಗೆ ಲಸಿಕೆಯಿಂದ ಏನಾಯಿತೆಂದು ತಿಳಿಯಲು ಸರಿಯಾದ ದಾಖಲೆ ಇಡುವ ವ್ಯವಸ್ಥೆಯೂ ಅಲ್ಲಿ ಇರಲಿಲ್ಲ ಎಂದು ಸಂಸತ್ತಿನ ಸಮಿತಿಯೇ ಬೈಯಿತು.

ಈ ಕತೆಗೆ ಒಂದು ಬಾಲ ಇದೆ. ಅದೇ ಹೊತ್ತಿನಲ್ಲಿ ದೇಶದ ಬೇರೆ ಕಡೆಗಳಲ್ಲಿ ಇನ್ನೊಂದು ಸಂಶೋಧನೆ ನಡೆಯುತ್ತಿತ್ತು, ಲಸಿಕೆ ಎರಡು ಡೋಸ್ ಸಾಕೇ, ಮೂರು ಬೇಕೇ ಅಂತ ನೋಡಲು. ಸರ್ಕಾರದ ಆಜ್ಞೆಯಿಂದ ಅದೂ ನಡುವಿನಲ್ಲಿ ನಿಂತಿತು. ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಅವರನ್ನು ನೋಡುತ್ತ ಬಂದವರಿಗೆ ಗೊತ್ತಾಯಿತು: ಒಂದು ಡೋಸೂ ಹೆಚ್ಚುಕಡಿಮೆ ಅಷ್ಟೇ ಕಾಪಾಡುತ್ತದೆ! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕೊಡಬಹುದು ಅಂದಾಗ ಆಧಾರಕ್ಕಿದ್ದ ಸಾಕ್ಷಿಗಳಲ್ಲಿ ಈ ಹುಡುಗಿಯರದ್ದೂ ಒಂದು. ಅವರ ಮೈ ಕೊಟ್ಟ ತಿಳುವಳಿಕೆಯಿಂದ ಲೋಕದ ಬಡ ದೇಶಗಳ ಖರ್ಚು ಇಳಿಯಿತು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಇರಲೂ ಬಾರದು ಎಂಬುದು ನಿಯಮ. ಆದರೆ ಇದನ್ನು ಅವರಿಗೆ ಯಾರಾದರೂ ಹೋಗಿ ಹೇಳಿರಬೇಕು ಅಂತ ನಮಗೆ ಆಸೆ.

ಹೋಲಿಕೆಯ ಗುಂಪು ಅಂತ ಒಂದಿದೆ. ಹೊಸದು ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಬೇಕಾದರೆ ಅದು ಸಿಗದವರ ಜೊತೆ ಹೋಲಿಸಿ ನೋಡಬೇಕು. ಇದು ವಿಜ್ಞಾನ, ಜಗಳವಿಲ್ಲ. ಆದರೆ ಮುಂಬಯಿಯ ಕೊಳೆಗೇರಿಗಳಲ್ಲಿ, ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ, ತಮಿಳುನಾಡಿನ ದಿಂಡಿಗಲ್‌ನಲ್ಲಿ 1998ರಿಂದೀಚೆಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಮೂರು ದೊಡ್ಡ ಪ್ರಯೋಗ ನಡೆದವು. ಮುಂಬಯಿಯಲ್ಲಿ ವಿನೆಗರ್ ಹಚ್ಚಿ ನೋಡುವ ಸುಲಭದ ತಪಾಸಣೆ, ಹೈಸ್ಕೂಲು ಓದಿದ ಹೆಣ್ಣುಮಕ್ಕಳೇ ಕಲಿತು ಮಾಡಿದ್ದು. ಆ ಕ್ಯಾನ್ಸರಿನ ಸಾವು ಶೇಕಡ 31 ಕಡಿಮೆಯಾಯಿತು. ದೊಡ್ಡ ಗೆಲುವು. ಆದರೆ ಮೂರೂ ಕಡೆ ಸೇರಿ ತಪಾಸಣೆಯಿಲ್ಲದ ಗುಂಪುಗಳಲ್ಲಿ ಸುಮಾರು 1 ಲಕ್ಷ 40 ಸಾವಿರ ಹೆಂಗಸರು ಇದ್ದರು. ಅವರಲ್ಲಿ 254 ಜನ ಅದೇ ಕ್ಯಾನ್ಸರಿನಿಂದ ಸತ್ತರು. ಬೇರೆ ದೇಶಗಳಲ್ಲಿ ಪ್ಯಾಪ್ ಪರೀಕ್ಷೆ ಆಗ ಐವತ್ತು ವರ್ಷ ಹಳೆಯದಾಗಿತ್ತು. ಪ್ರಯೋಗದವರು ಹೇಳುವುದು, ಈ ದೇಶದಲ್ಲಿ ಬಡ ಹೆಂಗಸರಿಗೆ ಹೇಗೂ ಏನೂ ಸಿಗುತ್ತಿರಲಿಲ್ಲ, ನಾವು ಏನನ್ನೂ ಕಿತ್ತುಕೊಂಡಿಲ್ಲ ಅಂತ. ಅದು ಸುಳ್ಳಲ್ಲ. ಆದರೆ "ಹೇಗೂ ಏನೂ ಸಿಗುತ್ತಿರಲಿಲ್ಲ" ಅನ್ನುವ ಮಾತು ನಮಗೆ ಹೊಸದೇ?

ಅಮೆರಿಕದ ಕಪ್ಪು ಜನಕ್ಕೂ ಹೊಸದಲ್ಲ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು ಸರ್ಕಾರಿ ವೈದ್ಯರು ಸುಮ್ಮನೆ ನೋಡುತ್ತ ಕೂತರು. ಪೆನಿಸಿಲಿನ್ ಬಂದು ರೋಗ ಗುಣವಾಗುತ್ತದೆ ಅಂತ ಗೊತ್ತಾದ ಮೇಲೂ ಕೊಡಲಿಲ್ಲ. ಬಿಸಿ ಊಟ ಕೊಟ್ಟರು, ಮಣ್ಣು ಮಾಡುವ ಖರ್ಚು ಕೊಟ್ಟರು. 1972ರಲ್ಲಿ ಒಳಗಿನ ಮಾಜಿ ನೌಕರನೊಬ್ಬ ಪತ್ರಿಕೆಗೆ ತಿಳಿಸಿದ ಮೇಲೆ ನಿಂತಿತು. ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದು ಅದೇ ವರ್ಷ. ಊಟ ಹಾಕೋರು ಕೇಳಿದಾಗ ಕೊಡಬೇಕಪ್ಪ ಅನ್ನೋ ಮಾತು ಎಷ್ಟು ಭಾಷೆಗಳಲ್ಲಿದೆ ನೋಡಿ.

ಇನ್ನು ಕೆಲಸದ ಮಾತು. ಈಗ ಕಾಯಿದೆ ಇದೆ. 2019ರ ಹೊಸ ಔಷಧಿ ಮತ್ತು ಪ್ರಯೋಗ ನಿಯಮಗಳಿವೆ, ಸಂಶೋಧನಾ ಮಂಡಳಿಯ 2017ರ ನೈತಿಕ ಸೂತ್ರಗಳಿವೆ. ಹದಿನೆಂಟು ತುಂಬಿದವನ ಸಹಿ ಅವನದೇ. ತುಂಬದವನಿಗೆ ಅಪ್ಪ ಅವ್ವನ ಸಹಿ ಬೇಕು. ಏಳು ವರ್ಷ ದಾಟಿದ ಮಗುವಾದರೆ ಅದರ ಒಪ್ಪಿಗೆಯನ್ನೂ ಕೇಳಬೇಕು. ವಾರ್ಡನ್ನರ ಅನುಮತಿ ಹಾಸ್ಟೆಲಿನ ಗೇಟು ತೆಗೆಯಲು ಸಾಕು, ಹುಡುಗನ ತೋಳಿಗೆ ಸಾಲದು. ಓದು ಬಾರದ ತಂದೆತಾಯಿ ಇದ್ದರೆ ಯಾರ ಕಡೆಯೂ ಅಲ್ಲದ ಸಾಕ್ಷಿಯೊಬ್ಬರು ಎದುರಿಗೆ ಇರಬೇಕು. ಮಾಹಿತಿ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಅದರ ಪ್ರತಿ ನಿಮ್ಮ ಕೈಗೆ ಬರಬೇಕು, ನೈತಿಕ ಸಮಿತಿಯ ವಿಳಾಸ ಅದರಲ್ಲಿರಬೇಕು. ಔಷಧಿ ಪ್ರಯೋಗದಿಂದ ಮೈಗೆ ಹಾನಿಯಾದರೆ ಚಿಕಿತ್ಸೆ ಅವರ ಖರ್ಚು. ಬೇಡ ಅಂದರೆ ಬೇಡ. ನಡುವೆ ಬಿಟ್ಟು ಹೋದರೂ ಊಟ, ರೂಮು, ಸ್ಕಾಲರ್‌ಶಿಪ್ ಯಾವುದನ್ನೂ ಮುಟ್ಟುವ ಹಾಗಿಲ್ಲ. 2009ರ ಜೂನ್‌ನಿಂದ ಇಂಥ ಪ್ರಯೋಗಗಳನ್ನೆಲ್ಲ ದೇಶದ ಒಂದು ನೋಂದಣಿಯಲ್ಲಿ ಬರೆಸಬೇಕು. ಯಾರು ಬೇಕಾದರೂ ತೆಗೆದು ನೋಡಬಹುದು. ಬಂದವರನ್ನು ನೋಂದಣಿ ಸಂಖ್ಯೆ ಕೇಳಿ, ಮುಖ ನೋಡಿ.

ಹಾಗಂತ ಸೂಜಿ ಕಂಡ ಕೂಡಲೆ ಕಾಂಪೌಂಡು ಹಾರಬೇಡಿ. ರಕ್ತಹೀನತೆಯ ತಪಾಸಣೆ, ಕಫದ ಪರೀಕ್ಷೆ, ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಹುಡುಕುವುದು, ಇವು ನಮಗೆ ಬೇಕಾದ ಕೆಲಸಗಳು. ಆದರೆ ತಪಾಸಣೆ ಮಾಡಿದವರು ಫಲಿತಾಂಶ ನಿಮ್ಮ ಕೈಗೆ ಕೊಡಬೇಕು, ಕೊಟ್ಟ ಮೇಲೆ ಔಷಧಿಯ ದಾರಿ ತೋರಿಸಬೇಕು. ಇದು ನನ್ನ ಚಿಕಿತ್ಸೆಗೋ, ನಿಮ್ಮ ಅಧ್ಯಯನಕ್ಕೋ ಅಂತ ಕೇಳಲು ನಾಚಿಕೆ ಬೇಡ. ಎರಡು ವಾರ ಮೀರಿ ಯಾರಾದರೂ ಕೆಮ್ಮಿದರೆ ಸಿರಪ್ಪಿಗೆ ಒಪ್ಪಬೇಡಿ, ಕಫದ ಡಬ್ಬಿ ಕೇಳಿ. ಕೊಡದಿದ್ದರೆ ಹತ್ತು ಜನ ಸೇರಿ ಹೋಗಿ ಕೇಳಿ.

ಆ ಹಾಸ್ಟೆಲಿನ ಹುಡುಗರು ಈಗ ಅರ್ಜಿ ಬರೆದಿದ್ದಾರೆ. ನಮ್ಮ ರಕ್ತದ ಫಲಿತಾಂಶ ಕೊಡಿ, ನಮ್ಮ ಫಾರಂಗಳ ಪ್ರತಿ ಕೊಡಿ ಅಂತ ಎರಡೇ ಸಾಲು. ಮೊದಲ ಸಹಿ ಆ ಸಂಜೆ ಯಾಕೆ ಸಾರ್ ಅಂದವನದು, ಎರಡನೆಯದು ಕೆಮ್ಮುತ್ತಿದ್ದವನದು. ಈ ಸಂಚಿಕೆ ಕೈ ಸೇರುವ ಹೊತ್ತಿಗೆ ಉತ್ತರ ಬಂದಿಲ್ಲ. ಬಂದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಬರದಿದ್ದರೆ ಅದನ್ನೂ ಹಾಕುತ್ತೇವೆ.