ಗಿಡದ ಬಣ್ಣವೆಂದರೆ ನಿರಪಾಯವೇ?

ಕಳೆದ ಬೇಸಿಗೆಯಲ್ಲಿ ಚಿತ್ತಾಪುರದ ನನ್ನ ಚಿಕಿತ್ಸಾಲಯಕ್ಕೆ ತಾಯಿಯೊಬ್ಬರು ಎಂಟು ವರ್ಷದ ಮಗಳನ್ನು ಕರೆತಂದರು. ಕುತ್ತಿಗೆ, ಕಂಕುಳು, ಸೊಂಟದ ಸುತ್ತ ಕೆಂಪು ಗಂದೆ, ವಿಪರೀತ ತುರಿಕೆ. ಮದುವೆಗೆಂದು ಕೊಂಡ ಕಡುನೀಲಿ ಪಾಲಿಯೆಸ್ಟರ್ ಫ್ರಾಕನ್ನು ಒಗೆಯದೆಯೇ ಎರಡು ದಿನ ತೊಡಿಸಿದ್ದರಂತೆ. ಮುಲಾಮು ಬರೆದುಕೊಟ್ಟೆ. "ಇನ್ಮ್ಯಾಲೆ ಗಿಡದ ಬಣ್ಣದ ಅರಬೀನೇ ತರ್ತೀವ್ರಿ, ಆಗೇನೂ ಆಗಾದಿಲ್ಲ ಹೌದಿಲ್ರಿ?" ಎಂದರು. ಹೌದೆನ್ನಲು ನನಗೆ ಧೈರ್ಯ ಬರಲಿಲ್ಲ.

ಪಾಲಿಯೆಸ್ಟರಿಗೆ ಬಳಸುವ 'ಡಿಸ್ಪರ್ಸ್' ವರ್ಗದ ಕೆಲವು ನೀಲಿ ಬಣ್ಣಗಳು ಬಟ್ಟೆಗೆ ಗಟ್ಟಿಯಾಗಿ ಅಂಟುವುದಿಲ್ಲ. ನಮ್ಮ ಭಾಗದ ಬಿಸಿಲಿಗೆ ಬೆವರು, ತಿಕ್ಕಾಟ ಸೇರಿದರೆ ಚರ್ಮಕ್ಕೆ ಇಳಿಯುತ್ತವೆ. ಎಲ್ಲರಿಗೂ ತೊಂದರೆಯಿಲ್ಲ, ಒಗ್ಗದವರಿಗೆ ಮಾತ್ರ. ಇನ್ನು ಕೆಲವು ಅಝೋ ಬಣ್ಣಗಳು ಒಡೆದು ಕ್ಯಾನ್ಸರ್‌ಕಾರಕ ವಸ್ತುಗಳಾಗುತ್ತವೆಂದು ಜರ್ಮನಿ 1994ರಲ್ಲಿ ಅವನ್ನು ನಿಷೇಧಿಸಿತು. ನಮ್ಮ ಕೇಂದ್ರ ಸರ್ಕಾರವೂ 1997ರಲ್ಲಿ 70 ಅಝೋ ಬಣ್ಣಗಳನ್ನು ನಿಷೇಧಿಸಿತು. ಹಾಗೆಂದು ಅಝೋ ಎಂದ ಕೂಡಲೇ ಎಲ್ಲವೂ ವಿಷವಲ್ಲ.

ಗಿಡದ ಬಣ್ಣ ನಮಗೆ ಹೊಸದೇನೂ ಅಲ್ಲ. ಹೋಳಿಗೆ ಮುತ್ತಲ ಹೂ ಕುದಿಸಿದವರು ನಮ್ಮಲ್ಲೇ ಇದ್ದಾರೆ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಆರಂಭವಾದ ಮಹಿಳಾ ಸಹಕಾರ ಸಂಘ 'ಚರಕ', ಅಡಿಕೆ ಚೊಗರಿನಂಥ ಬಣ್ಣಗಳನ್ನು ಕೈಮಗ್ಗದ ಹತ್ತಿ ಬಟ್ಟೆಗೆ ಹಾಕಿ ಹೆಸರು ಮಾಡಿದೆ. ಇಂಥ ಬಟ್ಟೆ ನನಗೂ ಇಷ್ಟ, ಬೆಲೆ ತುಸು ಹೆಚ್ಚಾದರೂ.

ತಕರಾರಿರುವುದು ಬೇರೆಡೆ. ನೀಲಿಯಂಥ ಕೆಲವನ್ನು ಬಿಟ್ಟರೆ, ಹೂವು-ತೊಗಟೆಯ ರಸ ತಾನಾಗಿ ಹತ್ತಿಯ ಮೇಲೆ ನಿಲ್ಲದು. ಹಿಡಿದಿಡಲು ಲೋಹದ ಲವಣವೊಂದು ಬೇಕು. ಅದು ಪಟಿಕವಾದರೆ ಚಿಂತೆಯಿಲ್ಲ. ಆದರೆ ಗಾಢ ಬಣ್ಣದ ಆಸೆಗೆ ಮೈಲುತುತ್ತ, ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುವವರೂ ಇದ್ದಾರೆ. ಮೈಲುತುತ್ತ ಮಕ್ಕಳ ಬಾಯಿಗೆ ಹೋದರೆ ವಾಂತಿ, ಮೂತ್ರಪಿಂಡಕ್ಕೆ ಹಾನಿ. ಡೈಕ್ರೋಮೇಟ್ ಇನ್ನೂ ಕೆಟ್ಟದ್ದು. ವಾಡಿ, ಸೇಡಂ ಕಡೆಯ ಓದುಗರಿಗೆ ಗೌಂಡಿಗಳ ಕೈ ಬಿರಿದು ಕಜ್ಜಿಯಾಗುವುದು ಗೊತ್ತಿದ್ದದ್ದೇ; ಅದಕ್ಕೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಒಂದು ಕಾರಣ. ಅದೇ ಬಗೆಯ ಕ್ರೋಮಿಯಂ ಈ ಲವಣದಲ್ಲೂ ಇದೆ. ಅದರ ಪುಡಿ ಉಸಿರಿನಲ್ಲಿ ಹೋಗುತ್ತಿದ್ದರೆ ಕ್ಯಾನ್ಸರಿನ ಭಯವೂ ಉಂಟು. ಉಡುವವರಿಗಿಂತ ಹೆಚ್ಚು ಅಪಾಯ, ಬರಿಗೈಯಲ್ಲಿ ಅದ್ದುವ ಹೆಣ್ಣುಮಗಳಿಗೆ. ಉಳಿದ ನೀರು ಚರಂಡಿ ಸೇರಿ ಕಾಗಿಣಾಕ್ಕೆ ಇಳಿದರೆ ಗಿಡದ ಹೆಸರು ಹೇಳಿ ಮಾಡಿದ ಪುಣ್ಯವೇನು?

ಆದ್ದರಿಂದ ಕೊಳ್ಳುವಾಗ 'ಯಾವ ಗಿಡ' ಎಂದಷ್ಟೇ ಕೇಳದೆ 'ಬಣ್ಣ ನಿಲ್ಲಲು ಏನು ಹಾಕಿದ್ದೀರಿ' ಎಂದೂ ಕೇಳಿ. ಮನೆಯಲ್ಲೇ ಮಾಡುವುದಾದರೆ ದಾಳಿಂಬೆ ಸಿಪ್ಪೆ, 100 ಗ್ರಾಂ ಬಟ್ಟೆಗೆ 10-15 ಗ್ರಾಂ ಪಟಿಕ ಸಾಕು. ಅಡುಗೆಯ ಪಾತ್ರೆ ಮಾತ್ರ ಬೇಡ. ಯಾವ ಬಣ್ಣದ್ದೇ ಆಗಲಿ, ಹೊಸ ಬಟ್ಟೆಯನ್ನು ಒಗೆದೇ ತೊಡಿಸಿ.

ಆ ತಾಯಿ ಹೋಗುವಾಗ ಫ್ರಾಕನ್ನು ನಾಲ್ಕು ಸಲ ಒಗೆದು ಹಾಕಬಹುದೇ ಎಂದು ಕೇಳಿದರು, ಪಾಪ, ದುಬಾರಿಯದಿತ್ತು. ಮೈ ಒಮ್ಮೆ ಒಗ್ಗದೆಂದ ಬಣ್ಣ ಮತ್ತೆ ಸ್ವಲ್ಪ ತಗುಲಿದರೂ ಗಂದೆ ಏಳುತ್ತದೆ. ಆ ಮಗುವಿಗೆ ಬೇಡವೆಂದೆ.